ಹೆಬ್ಬೆರಳಿನ ಸಮಾಚಾರ

೧೪ನೇ ತಾರೀಖು, ಮಧ್ಯಾಹ್ನ

ಕ್ಷೇಮವಾಗಿದ್ದೀರೆಂದು ನಂಬಿ, ನಿಮಗೆ,

ನಾವು ಬೇರೆ ಬೇರೆ ಇರತೊಡಗಿದ ಮೇಲೆ ಇದು ನನ್ನ ಮೊದಲ ಪತ್ರ. ಕೋರ್ಟಿನ ವಿಷಯವಲ್ಲ, ಹೆದರಬೇಡಿ. ನಿಮ್ಮ ಬಲಗಾಲಿನ ಹೆಬ್ಬೆರಳಿನ ವಿಷಯ. ನಾನು ಹೊರಟು ಬಂದ ದಿನವೂ ನೀವು ಕುಂಟುತ್ತಿದ್ದಿರಿ.

ಆಸ್ಪತ್ರೆಯವರು ಈಗ ನನ್ನನ್ನು ಬಸ್ ಡಿಪೋಗೆ ಕಳಿಸುತ್ತಾರೆ. ಗೌಟ್ ಎಂಬ ಈ ಕೀಲುನೋವು ಬಾರದಂತೆ ನೋಡಿಕೊಳ್ಳುವುದು ಹೇಗೆಂದು ಚಾಲಕರಿಗೆ ತಿಳಿಸುವುದು ನನ್ನ ಕೆಲಸ. ಹಳೇ ಟೈರುಗಳ ನಡುವೆ ಬೆಂಚುಗಳು, ಅವುಗಳ ಮೇಲೆ ಆಕಳಿಸುವ ಗಂಡಸರು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದರೆ ಕೀಲಿನಲ್ಲಿ ಹರಳುಗಟ್ಟುತ್ತದೆ ಎಂದರೆ ಯಾರೂ ತಲೆ ಎತ್ತುವುದಿಲ್ಲ. ಅದಕ್ಕೇ ಒಂದು ದಿನ, ನಿಮ್ಮನ್ನು ಕೇಳದೆ, ನಿಮ್ಮ ಕಥೆ ಹೇಳಿಬಿಟ್ಟೆ. ಒಬ್ಬ ದರ್ಜಿ; ಹೊದಿಕೆಯ ಅಂಚು ತಾಗಿದರೂ ಕಿರುಚುತ್ತಿದ್ದರು; ತಪ್ಪೆಲ್ಲ ಹೊಲಿಗೆ ಮಿಷನ್ನಿನದೆಂದು ಅದರ ಪೆಡಲ್ ಬಿಚ್ಚಿಸಿ ರಿಪೇರಿ ಮಾಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿಂದಿನ ಬೆಂಚು ನಕ್ಕಿತು. ಆಮೇಲೆ ಕೇಳಿಸಿಕೊಂಡರು.

ಬಿಯರ್, ಸಿಹಿ ಸೋಡಾ, ದಿನವೂ ಮಾಂಸ, ಅದರಲ್ಲೂ ಲಿವರ್, ಇವನ್ನು ಕಡಿಮೆ ಮಾಡಿ, ನೀರು ಚೆನ್ನಾಗಿ ಕುಡಿಯಿರಿ ಎಂದೆ. ದಪ್ಪ ಮೀಸೆಯ ಚಾಲಕನೊಬ್ಬ, "ಕುಡೀಬಹುದು ಮೇಡಂ, ಆಮೇಲೆ ಬಸ್ಸನ್ನ ಎಲ್ಲಿ ನಿಲ್ಸೋದು? ಒಳಗಿರೋರು ಜನ್ಮ ಜಾಲಾಡ್ತಾರೆ" ಎಂದ. ಪಾಠದ ಚಿತ್ರಪಟಗಳನ್ನು ಸುತ್ತಿಟ್ಟೆ. ಡಿಪೋ ಮುಖ್ಯಸ್ಥರ ಬಾಗಿಲಿಗೆ ಅಲೆದೆ. ಗೊಣಗಿದರು, ಕೊನೆಗೆ ದಾರಿಯಲ್ಲಿ ನಿಲ್ಲಲು ಸಮಯ ಕೊಟ್ಟರು. ಈಗ ಸೀಟಿನ ಪಕ್ಕ ಬಾಟಲಿಗಳು ಕಾಣುತ್ತವೆ.

ಹೋದ ವಾರ ಅದೇ ಮೀಸೆಯವನು, "ಅಲ್ಲ ಮೇಡಂ, ಆ ದರ್ಜಿ ಯಜಮಾನ್ರು ಈಗ ಹೇಗಿದ್ದಾರೆ? ಡಾಕ್ಟ್ರ ಹತ್ರ ಹೋದ್ರಾ, ಇಲ್ಲ ಇನ್ನೂ ಮಿಷನ್ನಿಗೇ ಎಣ್ಣೆ ಬಿಡ್ತಿದ್ದಾರಾ?" ಎಂದ. ಯಾರೂ ನಗಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಮುಂದಿನ ಪಾಠ ಮಂಗಳವಾರ, ಅಷ್ಟರಲ್ಲಿ ವಿಚಾರಿಸಿ ಹೇಳುತ್ತೇನೆ ಎಂದೆ.

ರಕ್ತ ಪರೀಕ್ಷೆ ಮಾಡಿಸಿದಿರಾ? ಮಾತ್ರೆ ಕೊಟ್ಟಿದ್ದರೆ, ನೋವು ಹೋಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಉಪವಾಸ ಬಿದ್ದು ತೂಕ ಇಳಿಸುವ ಸಾಹಸವೂ ಬೇಡ, ಅದರಿಂದಲೂ ನೋವು ಕೆರಳುತ್ತದೆ. ಕಾಲು ಒಪ್ಪಿದಾಗ ಸ್ವಲ್ಪ ನಡೆಯಿರಿ. ಮಿಕ್ಕ ವಿಷಯಗಳನ್ನು ನಾನು ಕೇಳುತ್ತಿಲ್ಲ. ಮಂಗಳವಾರದೊಳಗೆ ಒಂದು ಸಾಲು ಬರೆದರೆ ಅವರಿಗೂ ಹೇಳಬಹುದು.

ಇಂತಿ,
ನಿಮ್ಮ ನೋವನ್ನು ಡಿಪೋಗೆಲ್ಲ ಹಂಚಿದವಳು

ತಾ.ಕ.: ಅವರು ನಿಮಗೇನಾಗಬೇಕು ಮೇಡಂ ಎಂದೂ ಆ ಮೀಸೆಯವನು ಕೇಳಿದ. ನಮ್ಮ ಮನೆಯವರು ಎಂದೆ. ಬಾಯಿತಪ್ಪಿ ಬಂದದ್ದಲ್ಲ.