ಗೌಹರ ಬರೆದ ಬೀಜದ ಪ್ರೋಗ್ರಾಂ

ಹುಮನಾಬಾದ್
೧೭ ಜನವರಿ ೧೯೮೮

ಪ್ರೀತಿಯ ಗೌಹರ,

ನಿನ್ನ ಈದ್ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬಯ್ಯಬೇಡ. ಹೈದರಾಬಾದಿನಿಂದ ರಜೆಯ ಮೇಲೆ ಅಕ್ಕ ಸೂಗಮ್ಮನ ಮನೆಗೆ ಬಂದಿದ್ದೇನೆ. ಮಾಳಿಗೆಯ ಮೇಲೆ ತೊಗರಿ ಒಣಹಾಕಿದ್ದಾರೆ. ಮಧ್ಯಾಹ್ನದ ಬಿಸಿಲಲ್ಲಿ ಅದರ ವಾಸನೆಗೇ ಜೊಂಪು ಹತ್ತುತ್ತದೆ. ಕಣ್ಣು ಮುಚ್ಚಿದರೆ ನಮ್ಮ ಬೀಜದ ಕಂಪನಿಯ ಕಂಪ್ಯೂಟರ್ ಕೋಣೆ, ಕಿಟಕಿಯ ಬಳಿ ನೀನು. ಪ್ರೋಗ್ರಾಂ ಸಾಲಿನ ತೂತು ಹೊಡೆದ ಕಾರ್ಡನ್ನು ಬೆಳಕಿಗೆ ಹಿಡಿದಿರುತ್ತೀ. ತೂತುಗಳಿಂದ ಇಳಿದ ಬಿಸಿಲಿನ ಚುಕ್ಕೆಗಳು ನಿನ್ನ ಕೆನ್ನೆಯ ಮೇಲೆ ಮೆಲ್ಲಗೆ ಓಡಾಡುತ್ತಿರುತ್ತವೆ.

ಸುದ್ದಿ ಕೇಳು. ನಮ್ಮ ಹಳೆಯ ಕಂಪ್ಯೂಟರ್ ಹೋಯಿತು. ಹೊಸದು ಮಾರಲು ಇಬ್ಬರು ಬಂದಿದ್ದರು. ಮೊದಲನೆಯವನು ಪ್ರೋಗ್ರಾಂ ಬರೆಯುವ ಒಂದು ಹೊಸ ಭಾಷೆ ತೋರಿಸಿದ. ನಿಜಕ್ಕೂ ಚೆಂದದ ಭಾಷೆ, ಹತ್ತು ಸಾಲಿನ ಮಾತು ಮೂರರಲ್ಲಿ ಮುಗಿಯುತ್ತದೆ. ಆದರೆ ಹಳೆಯ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಬರೆಯಬೇಕು, ಎರಡು ವರ್ಷ ಹಿಡಿಯುತ್ತದೆ ಎಂದ. ಈಚೆಗೆ ಬಂದ ನಮ್ಮ ಮುಖ್ಯಸ್ಥ ವೈಜನಾಥ ಸಾಹೇಬರು ನಮ್ಮ ಕಡೆಯವರೇ, ಬೇಮಳಖೇಡದವರು. ನನ್ನ ಕಡೆ ಬಾಗಿ, "ಎರಡು ವರ್ಷ ಮಳಿ ನಿಂದರ್ತದೇನ್ರಿ ಬಾಯಿ? ಯಾವ ಗೋದಾಮಿಗಿ ಯಾವ ಬೀಜ ಅಂತ ಹೇಳೋರ್ಯಾರು?" ಎಂದರು.

ಎರಡನೆಯವನ ಯಂತ್ರ ನಮ್ಮ ಕೋಬಾಲ್ ಭಾಷೆಯನ್ನು ಓದುತ್ತಿತ್ತು. ಅದನ್ನೇ ಕೊಂಡರು.

ನೆನಪಿದೆಯಾ? ೧೯೭೧ರಲ್ಲಿ, ಬೇಗ ಓಡುತ್ತದೆ ಎಂದು ಎಲ್ಲರೂ ಆಗಿನ ಯಂತ್ರದ ಸ್ವಂತ ಸಂಕೇತಗಳಲ್ಲೇ ಬರೆಯುತ್ತಿದ್ದರು. ನೀನೊಬ್ಬಳೇ ಹಟ ಹಿಡಿದಿದ್ದೆ: "ಮಶೀನ್ ಇವತ್ತ ಇರ್ತದ, ನಾಳಿ ಹೋಗ್ತದ ಪಾರು. ಕೆಲಸ ಎಲ್ಲಿ ಹೋಗ್ತದ? ನಾ ಕೋಬಾಲ್‌ನಾಗೇ ಬರೀತೀನಿ." ಅವರ ಪ್ರೋಗ್ರಾಂಗಳು ಹಳೆಯ ಯಂತ್ರದ ಜೊತೆಗೇ ಸತ್ತವು. ಗೋದಾಮುಗಳಿಗೆ ಬೀಜ ಹಂಚುವ ನಿನ್ನ ಪ್ರೋಗ್ರಾಂ ಹೊಸದರಲ್ಲಿ ಎದ್ದು ಕುಳಿತಿತು.

ಒಂದೇ ತಕರಾರು. ಹಂಚಿ ಉಳಿದ ಬೀಜಕ್ಕೆ ನೀನು ಇಂಗ್ಲಿಷಿನಲ್ಲಿ 'ಅದರ್', ಅಂದರೆ 'ಇತರೆ', ಎಂದು ಹೆಸರಿಟ್ಟಿದ್ದೆ. ಕೋಬಾಲ್‌ನ ಹೊಸ ರೂಪ ಆ ಪದವನ್ನು ತನ್ನ ಬಳಕೆಗೇ ಇಟ್ಟುಕೊಂಡಿದೆ. ಬೇರೆ ಹೆಸರು ಕೊಡದೆ ಮುಂದೆ ಹೋಗುವುದಿಲ್ಲ ಎಂದು ಯಂತ್ರ ನಿಂತುಬಿಟ್ಟಿತು. ಆ ಹೆಸರು ಬಂದ ಸಾಲುಗಳನ್ನೆಲ್ಲ ಹುಡುಕಿ ಗುರುತು ಹಾಕಿದೆ. ಆಮೇಲೆ ಅಲ್ಲಿ 'ಗೌಹರ' ಎಂದು ಬರೆದೆ. ಪುಟದ ಮೇಲೆ ಪುಟ ಅಚ್ಚಾಗುತ್ತ ಬಂತು: ಮನ್ನಾಏಖೇಳ್ಳಿ ಗೋದಾಮು, ಜೋಳ, ಇಪ್ಪತ್ತು ಚೀಲ... ಕನಸಿನಲ್ಲಿ ಓದಿದ ಹಾಗಿತ್ತು.

"ಯಾರು ಬರದಾರ್ರಿ ಇದು?" ವೈಜನಾಥ ಸಾಹೇಬರು ಕೇಳಿದರು. "ಇದರ ಸಲುವಾಗೇ ಈ ಮಶೀನ್ ಕೊಂಡೀವಂತ ಅವರಿಗಿ ಹೇಳ್ರಿ."

ಅದಕ್ಕೇ ಹೇಳುತ್ತಿದ್ದೇನೆ. ಕಲ್ಯಾಣದ ಶಾಲೆಯಲ್ಲಿ ನಿನ್ನ ಹತ್ತಿರ ಗಣಿತ ಕಲಿಯುವ ಹುಡುಗಿಯರೆಲ್ಲ ಚೆನ್ನಾಗಿರಲಿ. ನಿನ್ನ ಜೀವ ತಂಪಾಗಿರಲಿ.

ನಿನ್ನ
ಪಾರ್ವತಿಬಾಯಿ

ತಾ.ಕ.: ೧೯೭೩ರಲ್ಲಿ ನಿನ್ನ ಅಮ್ಮಿಯ ಕಾಯಿಲೆಗೆಂದು ಊರಿಗೆ ಹೊರಟಾಗ ಬಸ್ಸಿನ ಕಿಟಕಿಯಿಂದ ನೀನು, "ಕರದರ ಬರ್ತೀನಂತ ಸಾಹೇಬ್ರಿಗಿ ಹೇಳು" ಎಂದಿದ್ದೆ. ಮರುವರ್ಷ ನಮ್ಮ ಕಂಪ್ಯೂಟರ್ ಕೋಣೆಯ ದೊಡ್ಡ ಹುದ್ದೆ ಖಾಲಿಯಾಯಿತು. ಆಗಿನ ಸಾಹೇಬರು ನನ್ನನ್ನೇ ಕರೆದು, "ಗೌಹರ ವಾಪಸ್ ಬರ್ತಾಳೇನು?" ಎಂದರು. "ಇಲ್ರಿ ಸರ್, ಆಕಿ ಬರಂಗಿಲ್ಲ" ಎಂದೆ. ಅಂದಿನಿಂದ ಆ ಕುರ್ಚಿಯಲ್ಲಿ ನಾನಿದ್ದೇನೆ. ಯಾರೂ ನಿನ್ನನ್ನು ಕರೆಯಲಿಲ್ಲ ಎಂದು ನೀನು ನಕ್ಕಾಗಲೆಲ್ಲ ಸುಮ್ಮನಿದ್ದೆ. ಕರೆದಿದ್ದರು, ಗೌಹರ.