ನಿಮ್ಮ ಕೊನೆಯ ಬಾತು

ಅತ್ತೆಮ್ಮಾ,

ನೀವಿದ್ದಾಗ ಬರೀ ‘ಅತ್ತೆ’ ಎನ್ನುತ್ತಿದ್ದೆ. ಅದಕ್ಕೊಂದು ಅಮ್ಮ ಸೇರಿಸಲು ಯಾಕೋ ಸಂಕೋಚ. ಈಗ ಸಂಕೋಚಪಟ್ಟು ಯಾರಿಗೇನಾಗಬೇಕು? ಪಾಪು ಮಲಗಿದ್ದಾಳೆ. ಅವಳು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ. ಇವತ್ತು ಅದನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಬಾತುಗಳ ವಿಷಯ. ಯಾರಾದರೂ ನಿಮಗೆ ಹೇಳಲೇಬೇಕಲ್ಲ.

ಮದುವೆಯಾಗಿ ಕೆಂಗೇರಿಗೆ ಬಂದ ಮೊದಲ ಬೆಳಿಗ್ಗೆ ನೆನಪಿದೆಯಾ? ವಿಜಯನಗರದ ಮೂರನೇ ಮಹಡಿಯಲ್ಲಿ ಬೆಳೆದವಳು ನಾನು, ಕುಂಡದ ತುಳಸಿ ಬಿಟ್ಟರೆ ಮಣ್ಣು ಮುಟ್ಟಿದವಳಲ್ಲ. ಹಿತ್ತಲ ಬಾಗಿಲು ತೆಗೆದದ್ದೇ ತಡ, ಬಾತುಗಳು ಕತ್ತು ಚಾಚಿಕೊಂಡು ಓಡಿಬಂದವು. ನಾನು ಕಿರುಚಿಕೊಂಡು ಒಳಗೆ ಓಡಿದೆ. ನೀವು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿರಿ. “ಹೆದರ್ಕಬ್ಯಾಡ ಕಣಮ್ಮ, ಹೊಸ ಸೊಸೇನ ನೋಡಕ್ ಬಂದವೆ. ಹಿಂಗ್ ಕೂಗಾಡ್ತಿರೋವೆಲ್ಲ ಹೆಣ್ಣೇ. ಗಂಡು ಅಗೋ, ಗಂಟಲು ಕಟ್ಟಿದೋನಂಗೆ ಮೂಲೇಲಿ ನಿಂತೈತೆ. ನಮ್ಮನೇಲಿ ಇರೋ ಹಂಗೇಯ.” ನಿಮ್ಮ ಮಗ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಮಾತಿಲ್ಲದೆ ನಿಂತಿದ್ದರು. ಅವತ್ತು ನನಗೂ ನಗು ಬಂತು.

ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಗೋಡೆಯ ತುಂಬ ಬಸವನಹುಳು. ಅಕ್ಕಪಕ್ಕದವರೆಲ್ಲ ಉಪ್ಪು ಸುರಿಯುತ್ತಿದ್ದರೆ ನೀವು ಬಾತುಗಳ ಗೂಡಿನ ಬಾಗಿಲು ತೆಗೆದು ಸುಮ್ಮನೆ ನಿಲ್ಲುತ್ತಿದ್ದಿರಿ. ಹುಳ ತಿಂದು ಮುಗಿಸಿದ ಮೇಲೆ ಅವು ಆಗಷ್ಟೇ ಮೊಳೆತ ಕೊತ್ತಂಬರಿಯನ್ನೂ ತುಳಿದು ಹಾಕುತ್ತಿದ್ದವು. “ಮುಂಡೇವಾ, ಒಂದ್ ಸಾರಿಗಾದ್ರೂ ಬಿಡ್ರೋ” ಎಂದು ಬೈದು, ಮತ್ತೆ ಬಿತ್ತುತ್ತಿದ್ದಿರಿ. ಅವು ಈಜಿ ಕೊಳಕು ಮಾಡಿದ ತೊಟ್ಟಿಯ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿದರೆ ನನಗೆ ವಾಕರಿಕೆ. ಬಸುರಿ ಬೇರೆ. ಒಂದು ದಿನ ಮುಖ ಸಿಂಡರಿಸಿ ಹೇಳಿಯೇಬಿಟ್ಟೆ. ಮಾರನೆಯ ದಿನದಿಂದ ಆ ನೀರು ಹಿತ್ತಲ ಆ ತುದಿಯ ಪರಂಗಿ ಗಿಡಕ್ಕೆ ಹೋಗತೊಡಗಿತು, ಬಕೆಟ್ಟು ಬಕೆಟ್ಟಾಗಿ, ನಿಮ್ಮ ಮಂಡಿನೋವಿನಲ್ಲಿ.

ಬಚ್ಚಲಲ್ಲಿ ಕಾಲು ನೀಡಿ ಕೂತು ಪಾಪುವನ್ನು ಬೋರಲು ಮಲಗಿಸಿಕೊಂಡು ನೀವು ಎರೆಯುತ್ತಿದ್ದ ಚಂದ ನೋಡುತ್ತಾ ನಾನು ಬಾಗಿಲಿಗೊರಗಿ ತೂಕಡಿಸುತ್ತಿದ್ದೆ. ನನ್ನ ಜೀವಮಾನದ ಸುಖದ ನಿದ್ದೆ ಅದು. ಅವಳ ಕತ್ತು ನಿಂತ ವಾರದಲ್ಲೇ ನೀವು ಬಾತುಗಳಿಗೆ ನುಚ್ಚು ಹಾಕಲು ಹೋದವರು ಹಿತ್ತಲಲ್ಲೇ ಕುಸಿದಿರಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ… ನಿಮ್ಮ ಮಗ ಅಳಲಿಲ್ಲ. ತಿಥಿಯ ದಿನವೂ ಅಳಲಿಲ್ಲ. ನೆಂಟರು ಊಟಕ್ಕೆ ಕೂತಾಗ ನುಚ್ಚಿನ ಡಬ್ಬ ಎತ್ತಿಕೊಂಡು ಹಿತ್ತಲಿಗೆ ಹೋದರು, ಅಷ್ಟೆ. ಅವತ್ತಿನಿಂದ ಪಾಪುವನ್ನು ನಾನು ಟಬ್ಬಿನಲ್ಲಿ ಕೂರಿಸಿ ಸ್ನಾನ ಮಾಡಿಸುತ್ತೇನೆ. ಕಾಲ ಮೇಲೆ ಹಾಕಿಕೊಳ್ಳಲು ಧೈರ್ಯ ಸಾಲದು.

ಮುಂಗುಸಿ ನುಗ್ಗಿದ್ದು ಬೇಸಿಗೆಯಲ್ಲಿ. ಮೋರಿಯ ಸಂದಿಯಿಂದ ಬಂದಿರಬೇಕು. ನಡುಮಧ್ಯಾಹ್ನ ನಾನು ಬಟ್ಟೆ ತೆಗೆಯಲು ಹೋದರೆ ಗಂಡು ಬಾತು ದಂಟಿನ ಸೊಪ್ಪಿನ ಮಡಿಯಲ್ಲಿ ಬಿದ್ದಿತ್ತು, ಕತ್ತು ಒಂದು ಕಡೆ. ಎರಡು ಹೆಣ್ಣು ತೊಟ್ಟಿಯ ಪಕ್ಕದಲ್ಲಿ. ಉಳಿದದ್ದು ಒಂದೇ, ಬೂದು ಬಣ್ಣದ ಹೆಣ್ಣು, ಒಗೆಯುವ ಕಲ್ಲಿನ ಹಿಂದೆ ಉಸಿರು ಬಿಗಿಹಿಡಿದು ಕೂತಿತ್ತು. ಪಾಪು ನನ್ನ ಸೊಂಟದ ಮೇಲಿದ್ದಳು. ನಾನು ಅವಳ ಕಣ್ಣು ಮುಚ್ಚಿದೆ. ನನ್ನ ಕಣ್ಣು ಯಾರು ಮುಚ್ಚಬೇಕಿತ್ತು, ಹೇಳಿ?

ಪಕ್ಕದ ಬೀದಿಯ ಜಯಮ್ಮ ಆಂಟಿ, ನಿಮ್ಮ ಜೊತೆ ಸಂಘಕ್ಕೆ ಹೋಗುತ್ತಿದ್ದವರು, ಅವತ್ತೇ ಸಂಜೆ ಬಂದರು. “ಗಂಡು ಸತ್ರೂ ಒಂದ್ ವಾರದವರ್ಗೂ ಇಡೋ ಮೊಟ್ಟೆ ಮರಿ ಆಗ್ತವೆ ಅಂತ ನಿಮ್ಮತ್ತೇನೇ ಹೇಳೋಳು. ನಮ್ ಕೋಳಿ ಕಾವಿಗ್ ಕೂತೈತೆ. ತಂದ್ ಮಡಗಿ. ಮರಿ ಆದ್ರೆ ಅರ್ಧ ನಂಗೆ, ಅರ್ಧ ನಿಮ್ಗೆ.” ಈ ಬಾತುಗಳೆಲ್ಲ ಹಾಗೇ ಹುಟ್ಟಿದವಂತಲ್ಲ ಅತ್ತೆ, ಯಾರ್‍ಯಾರದೋ ಮನೆಯ ಕೋಳಿಯ ಕಾವಿನಲ್ಲಿ, ಅರ್ಧ ಪಾಲಿಗೆ? ನಿಮ್ಮ ಮಗ ಆ ವಾರವಿಡೀ ಆಫೀಸಿಗೆ ಹೊರಡುವ ಮುಂಚೆ ಹುಲ್ಲು ಸರಿಸಿ ಮೊಟ್ಟೆ ಹುಡುಕಿದರು. ಸಿಕ್ಕವನ್ನು ಟವೆಲ್ಲಿನಲ್ಲಿ ಸುತ್ತಿಟ್ಟರು. ನಾನು ಅವರನ್ನು ಅಷ್ಟು ಉತ್ಸಾಹದಲ್ಲಿ ನೋಡಿ ಎಷ್ಟು ಕಾಲವಾಗಿತ್ತು!

ತೆಗೆದುಕೊಂಡು ಹೋಗುವ ದಿನ ಅವರು ಆ ಮೊಟ್ಟೆಗಳನ್ನೆಲ್ಲ ಪಾಪುವಿನ ಹಾಲಿನ ಬಾಟಲಿ ತೊಳೆಯುವ ಸೋಪಿನಲ್ಲಿ, ಬಿಸಿನೀರಿನಲ್ಲಿ, ಫಳಫಳ ಹೊಳೆಯುವ ಹಾಗೆ ತೊಳೆದರು. ಈ ಮನೆಯಲ್ಲಿ ಈಗ ಎಲ್ಲವನ್ನೂ ಹಾಗೇ ತೊಳೆಯುತ್ತೇವೆ. ಚಮಚ, ಗಿಲಕಿ, ಬಾಗಿಲ ಚಿಲಕ, ಅವರ ಮೊಬೈಲು. ಕೋಳಿ ಪಾಪ ಕೂತೇ ಕೂತಿತು. ಮೂರನೇ ವಾರದಲ್ಲಿ ಒಂದು ಮೊಟ್ಟೆ ಒಡೆದು ಬೀದಿಯವರೆಗೂ ನಾತ. ಕೋಳಿ ಎದ್ದು ಹೋಯಿತು. ಜಯಮ್ಮ ಒಂದೊಂದನ್ನೇ ಕಿವಿಯ ಹತ್ತಿರ ಅಲುಗಿಸಿ ನೋಡಿದರು. ಎಲ್ಲ ಗುಳುಗುಳು.

“ಏನ್ ಮಾಡಿದ್ರಿ ಇವಕ್ಕೆ?”

“ತೊಳೆದಿದ್ದೆ ಆಂಟಿ. ಮಣ್ಣಾಗಿತ್ತಲ್ಲ,” ಎಂದರು ನಿಮ್ಮ ಮಗ.

“ಅಯ್ಯೋ ನಿನ್ ಮನೆ ಕಾಯ್ವೋಗ, ಕಾವಿಗಿಕ್ಕೋ ಮೊಟ್ಟೆ ತೊಳೀತಾರೇನೋ ಹರೀಶ! ಮೇಲಿನ ಪೊರೆ ಹೋದ್ರೆ ಕೊಳೀದೆ ಇರ್ತದಾ!” ಎಂದು ನಗಲು ಹೊರಟವರು ಅವರ ಮುಖ ನೋಡಿ ನಿಲ್ಲಿಸಿದರು.

ನಿಮ್ಮ ಮಗ ಪರಂಗಿ ಗಿಡದ ಬುಡದಲ್ಲಿ ಗುಂಡಿ ತೋಡಿ ಎಲ್ಲವನ್ನೂ ಹೂತರು. ಆಮೇಲೆ ಅಲ್ಲೇ ಕೂತುಬಿಟ್ಟರು. “ಅಮ್ಮ ಇದ್ದಿದ್ರೆ ಒಂದ್ ಮಾತು ಹೇಳ್ತಿತ್ತು ಕಣೇ,” ಎಂದರು. “ತೊಳೀಬೇಡ್ವೋ ಅಂತ. ಅಷ್ಟೇ ತಾನೆ ಬೇಕಾಗಿದ್ದಿದ್ದು?” ಆಗ ಅತ್ತರು ಅತ್ತೆ. ಮೂಗಿನ ನೀರು ಒರೆಸಿಕೊಳ್ಳದೆ, ಮಣ್ಣಿನ ಕೈಯಲ್ಲಿ. ನಾನು ಹತ್ತಿರ ಹೋಗಿ ಕೂತೆ. ಕೈ ತೊಳ್ಕೊಳ್ಳಿ ಎನ್ನಲಿಲ್ಲ.

ಉಳಿದ ಒಂದು ಬಾತು ಕೂಗಲು ಶುರು ಮಾಡಿತ್ತು. ಕುಕ್ಕರ್ ಕೂಗಿದರೆ ಇದೂ ಕೂಗುವುದು, ಪಾಪು ಅತ್ತರೆ ಇದೂ, ಏನೂ ಇಲ್ಲದಿದ್ದರೂ. ಒಂದು ಸಲ ಕರೆದು, ಕತ್ತು ಓರೆ ಮಾಡಿ, ಉತ್ತರ ಬರುತ್ತದೇನೋ ಎಂದು ಕಾಯುವುದು. ಎದುರು ಮನೆಯವರು ಗೇಟಿನಲ್ಲಿ ನಿಂತು, “ಮೇಡಂ, ನಿಮ್ ಬಾತುಗೆ ಆಫ್ ಬಟನ್ ಇಲ್ವಾ?” ಎಂದರು. ನಿಮ್ಮ ಮಗ ಯಾವುದೋ ವಿಡಿಯೋ ನೋಡಿ ನಿಮ್ಮ ಬೀರುವಿನ ಪಕ್ಕದಲ್ಲಿದ್ದ ಕನ್ನಡಿಯನ್ನು ಬಿಚ್ಚಿ ಹಿತ್ತಲ ಗೋಡೆಗೆ ಒರಗಿಸಿದರು. ಬಾತು ಹೋಗಿ ಅದರ ಪಕ್ಕದಲ್ಲೇ ಮಲಗತೊಡಗಿತು. ಗಾಜಿಗೆ ಮೈ ಒತ್ತಿ. ಸ್ವಲ್ಪ ದಿನ ಸದ್ದಿಲ್ಲ. ಆಮೇಲೆ ಕನ್ನಡಿಯ ಹಿಂದೆ ಹೋಗಿ ಹುಡುಕಿ ಬಂತು. ಅವತ್ತಿನಿಂದ ನುಚ್ಚು ಮುಟ್ಟುವುದನ್ನೂ ಬಿಟ್ಟಿತು.

“ಕೊಟ್ಬಿಡೋಣ ರೀ,” ಎಂದೆ.

“ಅಮ್ಮಂದು ಅಂತ ಇನ್ನೇನಿದೆ ಈ ಮನೇಲಿ? ಸೀರೆ ಎಲ್ಲಾ ಅಕ್ಕ ತಗೊಂಡೋದ್ಲು. ಇದೂ ಹೋಗ್ಲಾ?”

“ಅತ್ತೇದು ಅಂತ ನಮಗೆ. ಅದಕ್ಕೆ ಗೊತ್ತಿರೋದು ಒಂಟಿ ಅಂತ ಮಾತ್ರ. ನೋಡಿ, ಎದೆ ಮೂಳೆ ಕೈಗೆ ಸಿಗುತ್ತೆ. ಇನ್ನೊಂದು ವಾರ ಬದುಕಲ್ಲ.”

ಮಾರನೆಯ ದಿನ ತಾವೇ ಜಯಮ್ಮನ ಮನೆಗೆ ಹೋದರು. ತಾವರೆಕೆರೆ ರಸ್ತೆಯಲ್ಲಿ ಜಯಮ್ಮನ ತವರಿನವರ ತೋಟವಿದೆ, ಹೊಂಡವಿದೆ, ಬಾತುಗಳ ಹಿಂಡೇ ಇದೆ. “ಕುಯ್ಯಲ್ಲ ತಾನೆ ಆಂಟಿ?” ಎಂದು ನಾನು ಕೇಳಿದ್ದಕ್ಕೆ, “ಮೊಟ್ಟೆ ಇಡೋವರ್ಗೂ ಯಾರ್ ಕುಯ್ತಾರೆ ಬಿಡವ್ವ” ಎಂದರು. ಆಮೇಲೆ? ಅದನ್ನು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ನಿಮ್ಮ ಮಗ ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಬಾತನ್ನು ಅದರಲ್ಲಿ ಕೂರಿಸಿ, ಸ್ಕೂಟರಿನಲ್ಲಿ ಮುಂದೆ ಇಟ್ಟುಕೊಂಡು ಕೊಟ್ಟುಬಂದರು. ಹಿತ್ತಲಲ್ಲಿ ಈಗ ಕೊತ್ತಂಬರಿ ಚೆನ್ನಾಗಿ ಬಂದಿದೆ. ಯಾರೂ ತುಳಿಯುವುದಿಲ್ಲ. ಕೀಳಲು ಮನಸ್ಸಾಗದೆ ಹೂ ಬಿಟ್ಟು ನಿಂತಿದೆ.

ಮೊನ್ನೆ ಭಾನುವಾರ ಪಾಪುವನ್ನು ಎತ್ತಿಕೊಂಡು ನೋಡಲು ಹೋಗಿದ್ದೆವು. ಇದೇ ಅತ್ತೆ, ನಿಮಗೆ ಹೇಳಬೇಕಾಗಿದ್ದದ್ದು. ಪಾಪು ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಕೆಳಗೆ ಬಿಡು ಎಂದು ಹಟ. ಕೆಸರು, ಹಿಕ್ಕೆ, ನೊಣ. ಆದರೂ ಬಿಟ್ಟೆ. ನನ್ನ ಎರಡು ಬೆರಳು ಹಿಡಿದು ಬರಿಗಾಲಲ್ಲಿ ಹೊಂಡದ ಅಂಚಿನ ಮಣ್ಣಿನ ಮೇಲೆ ನಿಂತಳು. ಹೊಂಡದ ತುಂಬ ಬೂದು ಬಾತುಗಳು, ಎಲ್ಲ ಒಂದೇ ಥರ. ನಿಮ್ಮ ಮಗ ಒಂದನ್ನು ತೋರಿಸಿ, “ಅದೇ ನಮ್ದು” ಎಂದರು. ನಾನು ಇನ್ನೊಂದನ್ನು ತೋರಿಸಿದೆ. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಅನುಮಾನ ಬಂತು. ನೀವಾಗಿದ್ದರೆ ದೂರದಿಂದಲೇ ಹೇಳುತ್ತಿದ್ದಿರಿ. ನಮಗೆ ಗುರುತು ಸಿಗಲಿಲ್ಲ ಅತ್ತೆಮ್ಮಾ. ಒಂದೂ ತಲೆಯೆತ್ತಿ ನಮ್ಮ ಕಡೆ ನೋಡಲಿಲ್ಲ. ಅಲ್ಲೇ ಎಲ್ಲೋ ಇತ್ತು.

ಕೂಗುತ್ತಿರಲಿಲ್ಲ.

ನಿಮ್ಮ ಸೊಸೆ,
ಸುಮಾ