ಬೀದಿಗೆ ಸುರಿದ ಸೇವಂತಿಗೆ ಚರಟ

ನವೆಂಬರ್ 6, ಗುರುವಾರ. ಬೆಳಿಗ್ಗೆ

ಮಣ್ಣಿನ ಮಡಕೆಯಲ್ಲಿ ಗೋಧಿ, ಒಣ ಬೋರೆಹಣ್ಣು, ಅತಿಮಧುರ ಕುದಿಸಿದೆ. ಒಲೆ ಆರಿಸಿದ ಮೇಲೆ ಬಿಳಿ ಸೇವಂತಿಗೆ — ಮೊದಲೇ ಹಾಕಿದರೆ ಕಹಿ. ಎದುರುಮನೆ ಜಿಂಡಿ ಕೊಟ್ಟ ಹೂವು, ಅವಳ ತಂಗಿಯ ಹೊಲದ್ದು. ಒಂದು ಲೋಟ ಕುಡಿದೆ. ಎದೆಯ ಡವಡವ ಸ್ವಲ್ಪ ಇಳಿಯಿತು. ಮುಂದಿನ ವಾರದ ಶನಿವಾರ ಪಟ್ಟಣದ ವೇದಿಕೆಯಲ್ಲಿ ನಮ್ಮ ಓಣಿಯವರ ಬೀಸಣಿಗೆ ಕುಣಿತ. ನಾನೂ ಜಿಂಡಿಯೂ ಮುಂದಿನ ಸಾಲು, ಜೋಡಿ. ಈ ವಯಸ್ಸಿಗೆ ಬೇಕಿತ್ತಾ ಇದೆಲ್ಲ! ಬೇಕಿತ್ತು. ಅದೇ ತೊಂದರೆ.

ಚರಟವನ್ನು ಓಣಿಯ ಬಾಯಿಗೆ ಸುರಿದು ಬಂದೆ. ಅಮ್ಮ ಔಷಧಿ ಚರಟವನ್ನು ಹೀಗೇ ಸುರಿಯುತ್ತಿದ್ದಳು. ಹೋಗಿಬರುವವರು ತುಳಿದರೆ ಕಾಯಿಲೆ ಅವರ ಕಾಲಿಗಂಟಿ ಹೋಗುತ್ತದಂತೆ.

"ಟೀ ಚರಟಾನೂ ಬೀದಿಗೆ ಚೆಲ್ತಾರೇನೇ?" ಅಂದರು ನನ್ನ ಗಂಡ ಗೆನ್‌ಫು. ಗಂಡಸರಿಗೇನು ಗೊತ್ತು.

ನವೆಂಬರ್ 7

ಜಿಂಡಿ ಬಾಗಿಲಿಗೇ ಬಂದಳು. ಕೈಯಲ್ಲಿ ಕುಣಿತದ ಹೊಸ ಶೂ.

"ಯುನ್‌ಶ್ಯಾನಕ್ಕ, ಓಣೀಲಿ ಸುರ್ದಿದ್ದು ನೀನೇ ತಾನೆ? ನಾನು ಕೊಟ್ಟ ಹೂವು ನಂಗೆ ಗೊತ್ತಾಗಲ್ವಾ? ಎರಡೂ ಕಾಲಲ್ಲಿ ತುಳ್ದೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ಎದೆ ಡವಡವ!"

"ಅಯ್ಯೋ, ಅದು ಬರೀ ಟೀ ಕಣೆ."

"ಟೀ ಆಗಿದ್ರೆ ಕಸದ ಬುಟ್ಟಿಗೆ ಹಾಕ್ತಿದ್ದೆ. ಬೀದಿಗ್ಯಾಕೆ ಸುರ್ದೆ?"

ಟೀ ಅಂದರೆ ಸುರಿದದ್ದು ಯಾಕೆ? ಔಷಧಿ ಅಂದರೆ ನನ್ನ ಕಾಯಿಲೆಯನ್ನು ಅವಳಿಗೆ ದಾಟಿಸಿದ ಹಾಗೆ.

"ಇನ್ನು ನಿನ್ನ ಪಕ್ಕ ನಾನು ಕುಣಿಯಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋ."

ನಾಚಿಕೆಗೇಡು ಏನೆಂದರೆ — ನಿನ್ನೆ ರಾತ್ರಿ ನಾನು ಗಡದ್ದಾಗಿ ನಿದ್ದೆ ಹೊಡೆದಿದ್ದೆ.

ನವೆಂಬರ್ 9

ಜಿಂಡಿ ಅಭ್ಯಾಸಕ್ಕೆ ಬಂದಳು, ಹಿಂದಿನ ಸಾಲಿಗೆ ಹೋಗಿ ನಿಂತಳು. ನಾನು ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದೆ. ಇಷ್ಟು ವರ್ಷ ನಾನು ಹಾಡು ಕೇಳಿ ಕುಣಿದದ್ದೇ ಅಲ್ಲ, ಜಿಂಡಿಯ ಕಾಲು ನೋಡಿ ಕುಣಿದದ್ದು. ಅವಳಿಲ್ಲದೆ ಆ ವೇದಿಕೆಯೇ ಬೇಡ.

ಸಂಜೆ ಫ್ಲಾಸ್ಕಿನಲ್ಲಿ ಬಿಸಿ ಟೀ, ಜೊತೆಗೆ ಕುದಿಸಲು ಅದೇ ಸಾಮಾನಿನ ಒಂದು ಪೊಟ್ಟಣ — ಗುಲಾಬಿ ಮೊಗ್ಗನ್ನೂ ಸೇರಿಸಿದೆ. ಅವಳ ಮೆಟ್ಟಿಲ ಮೇಲಿಟ್ಟೆ. ಕಿಟಕಿ ದಡ್ ಎಂದು ಮುಚ್ಚಿತು.

ನವೆಂಬರ್ 13

ಫ್ಲಾಸ್ಕ್ ವಾಪಸು ಬಂದಿದೆ. ಖಾಲಿ. ತೊಳೆದೂ ಇದೆ. ಪೊಟ್ಟಣ ಮಾತ್ರ ಬಂದಿಲ್ಲ.

ನವೆಂಬರ್ 14, ಶುಕ್ರವಾರ

ಬಾಗಿಲು ತೆರೆದರೆ ಹೊಸ್ತಿಲಾಚೆ ಒದ್ದೆ ಚರಟ. ಗೋಧಿ, ಬೋರೆಹಣ್ಣು, ಬಿಳಿ ಹೂವು, ನಾನೇ ಹಾಕಿದ ಗುಲಾಬಿ ಮೊಗ್ಗು. ನನ್ನದನ್ನು ನನಗೇ ತಂದು ಸುರಿದಿದ್ದಾಳೆ!

"ಇದೇನು ಕೊಬ್ಬು ಇವಳದು!" ಗೆನ್‌ಫು ಪೊರಕೆಗೆ ಕೈ ಹಾಕಿದರು.

"ಮುಟ್ಬೇಡಿ," ಎಂದೆ. ಒಳಗೆ ಹೋಗಿ ಕುಣಿತದ ಶೂ ಹಾಕಿಕೊಂಡು ಬಂದೆ. ಎದುರು ಕಿಟಕಿಯ ಪರದೆ ಅಲ್ಲಾಡಿತು. ಎರಡೂ ಕಾಲು ಎತ್ತಿ ಇಟ್ಟು ತುಳಿದೆ. ಸಾಲದೆಂದು ಅಲ್ಲೇ ಒಂದು ಸುತ್ತು ಕುಣಿದೆ, ಬೀಸಣಿಗೆ ಇಲ್ಲದೆ.

ಕಿಟಕಿ ತೆರೆಯಿತು. "ಎಡಕ್ಕೆ ಕಣಕ್ಕ, ಎಡಕ್ಕೆ! ನಾನಿಲ್ದೆ ಹೋದ್ರೆ ನಿಂಗೆ ಇಷ್ಟೂ ಬರಲ್ವಲ್ಲ!"

ನಕ್ಕೂ ನಕ್ಕೂ ಹೊಟ್ಟೆ ನೋವು. ಅವಳಿಗೂ. ಗೆನ್‌ಫು ಪೊರಕೆ ಹಿಡಿದೇ ನಿಂತಿದ್ದರು.

ನವೆಂಬರ್ 15, ಶನಿವಾರ

ರಾತ್ರಿ ನನಗೆ ನಿದ್ದೆಯಿಲ್ಲ. ಜಿಂಡಿ ಗೊರಕೆ ಹೊಡೆದಳಂತೆ. ಇರಲಿ, ನನ್ನದು ನನಗೇ ಬಂತು. ಇಷ್ಟು ಸಂತೋಷವಾಗಿ ನಿದ್ದೆಗೆಟ್ಟದ್ದು ನೆನಪಿಲ್ಲ.

ಒಂದೇ ಮಡಕೆ, ಎರಡು ಲೋಟಕ್ಕೆ ಬಗ್ಗಿಸಿಟ್ಟಿದ್ದೇನೆ. ಚರಟ ಎಲ್ಲಿಗೆ ಹಾಕುವುದು ಎಂದು ಅವಳನ್ನೇ ಕೇಳಬೇಕು. ಓಣಿಯಲ್ಲಿ ಕೂಗುತ್ತಿದ್ದಾಳೆ — "ಅಕ್ಕಾ, ಬಸ್ಸು ಬಂತು, ಬೀಸಣಿಗೆ ಮರೀಬೇಡ, ಬಾರೇ..." ಬೀಸಣಿಗೆ ಎಲ್ಲಿಟ್ಟೆ —